ಗೂಬೆಕಲ್ಲು ದುರ್ಗದ ನಾಲ್ಕನೇ ವಾಸನೆ

ಸಿಂಗಪುರ
3 ಫೆಬ್ರವರಿ 2014

ಗೂಬೆಕಲ್ಲು ದುರ್ಗದ ಗೈಡ್ ನಾಗೇಶ ಅವರಿಗೆ ನಮಸ್ಕಾರ.

ನಾನು ಶ್ರೀವಿದ್ಯಾ. ಡಿಸೆಂಬರಿನಲ್ಲಿ ನಿಮ್ಮ ಬೆಟ್ಟ ಹತ್ತಿದ ಸಿಂಗಪುರದ ತಂಡದಲ್ಲಿ ಎರಡನೇ ಬಾಗಿಲ ಬಳಿಯೇ ಕುಸಿದು ಕುಳಿತು, ಆಮೇಲೆ ಹೇಗೋ ರಾಣಿಕೊಳದವರೆಗೆ ಬಂದ ಮೈಸೂರಿನ ಹೆಂಗಸು ಎಂದರೆ ನೆನಪಾದೀತು. "ಈ ಬಾಗಿಲನ್ನ ಶತ್ರುಗಳೇ ದಾಟಿಲ್ಲ ಮೇಡಂ, ನಿಮ್ದೇನು ತಪ್ಪಿಲ್ಲ ಬಿಡಿ" ಎಂದು ನೀವು ಸಮಾಧಾನ ಹೇಳಿದಿರಿ. ಆ ಮಾತನ್ನು ನಮ್ಮ ಆಫೀಸಿನವರು ಈಗಲೂ ಹೇಳಿಕೊಂಡು ನಗುತ್ತಾರೆ.

ನಿಮ್ಮ ಟ್ರಸ್ಟಿನವರು ಕೋಟೆಯನ್ನು ಮ್ಯೂಸಿಯಂ ಮಾಡುತ್ತಿರುವುದು ನಿಮಗೆ ಗೊತ್ತೇ ಇದೆ. ಅದರಲ್ಲಿ ನಮ್ಮ ಪಾಲಿಗೆ ಬಂದಿರುವುದು ವಾಸನೆ. ನಗಬೇಡಿ. ಇಲ್ಲಿನ ಒನ್-ನಾರ್ತ್ ಬಡಾವಣೆಯಲ್ಲಿ ನಮ್ಮ ಕಂಪನಿ ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತದೆ. ಜನ ಒಂದು ಗುಂಡಿ ಒತ್ತಿದರೆ ಪೆಟ್ಟಿಗೆಯಿಂದ ಹಳೆಯ ಕಾಲದ ವಾಸನೆ ಬರಬೇಕು. ನಿಮ್ಮಲ್ಲಿ ನಾಲ್ಕು ಪೆಟ್ಟಿಗೆ ಇಡುತ್ತೇವೆ: ಆನೆಲಾಯ, ಕಣಜ, ಅರಮನೆಯ ಅಡುಗೆಮನೆ, ರಾಣಿಕೊಳ.

ವಾಸನೆಯನ್ನು ಇಮೇಲ್ ಮಾಡುವ ವಿದ್ಯೆ ಇನ್ನೂ ಬಂದಿಲ್ಲವಾದ್ದರಿಂದ ಈ ಅಂಚೆ. ಒಳಗೆ ನಾಲ್ಕು ಕಾಗದದ ಪಟ್ಟಿಗಳಿವೆ. ಒಂದೊಂದಾಗಿ ಮೂಸಿ, ಅನ್ನಿಸಿದ್ದನ್ನು ಬರೆದು ಕಳಿಸಿ. ಇಪ್ಪತ್ತೇಳು ವರ್ಷ ಆ ಕಲ್ಲುಗಳ ನಡುವೆ ಓಡಾಡಿದ ಮೂಗು ನಿಮ್ಮದೊಂದೇ. ನಿಮ್ಮ ಇಮೇಲ್ ವಿಳಾಸ ಕೇಳಿದ್ದಕ್ಕೆ ಟ್ರಸ್ಟಿನ ಅಧ್ಯಕ್ಷ ಅನಂತರಾಮ್ ಅವರು, "ಅವನಿಗೆ ಬಾಯೊಂದೇ ರೀ ಇರೋದು" ಎಂದರು.

ಇತಿ,
ಶ್ರೀವಿದ್ಯಾ

ಗೂಬೆಕಲ್ಲು
16 ಫೆಬ್ರವರಿ 2014

ಶ್ರೀವಿದ್ಯಾ ಮೇಡಂ ಅವರಿಗೆ ನಾಗೇಶನ ನಮಸ್ಕಾರ.

ಇತ್ತ ನಾನು ಕ್ಷೇಮ, ಕೋಟೆ ಕ್ಷೇಮವಿಲ್ಲ. ಮೊದಲ ಬಾಗಿಲಿಗೆ ಗುಲಾಬಿ ಬಣ್ಣದ ಪೇಂಟ್ ಬಳಿದಿದ್ದಾರೆ. ಆನೆಗಳ ಹಣೆ ಸೀಳಲೆಂದು ಬಾಗಿಲಿಗೆ ಹೊಡೆದಿದ್ದ ಮೊಳದುದ್ದದ ಕಬ್ಬಿಣದ ಮೊಳೆಗಳಿಗೆ ಬಂಗಾರದ ಬಣ್ಣ. ಈಗ ಯಾವ ಆನೆಯಾದರೂ ಬಂದರೆ ಮದುವೆ ಛತ್ರವೆಂದು ತಿಳಿದು ಉಡುಗೊರೆ ಕೊಟ್ಟು ಹೋದೀತು. ಬಡಗಣ ಕೊತ್ತಲಕ್ಕೆ ಬಾತ್‌ರೂಮಿನ ಟೈಲ್ಸ್ ಹಾಕಿದ್ದಾರೆ. ನಾಲ್ಕು ಮುತ್ತಿಗೆಗಳನ್ನು ತಡೆದ ಗೋಡೆ ಒಂದು ಗುತ್ತಿಗೆಯನ್ನು ತಡೆಯಲಾರದೆ ಹೋಯಿತು. ದಿನಾ ಬೆಳಗ್ಗೆ ಅದರ ಮುಂದೆ ಹಾದುಹೋಗುವಾಗ ಉಗುಳು ಬಾಯಿಗೆ ಬರುತ್ತದೆ. ಉಗುಳಬಾರದು ಎಂದು ಬೋರ್ಡ್ ಹಾಕಿರುವುದರಿಂದ ನುಂಗುತ್ತೇನೆ.

ಈಗ ತಮ್ಮ ಪಟ್ಟಿಗಳ ವಿಚಾರ.

ಒಂದನೆಯದು ಆನೆಲಾಯವಂತೆ. ಮೇಡಂ, ಈ ಆನೆ ಸ್ನಾನ ಮಾಡಿ, ಪೌಡರ್ ಹಚ್ಚಿಕೊಂಡು, ಯಾರದೋ ನಾಮಕರಣಕ್ಕೆ ಹೊರಟಿದೆ. ಲದ್ದಿಯ ಹುಳಿ ಎಲ್ಲಿ? ಹಸಿ ಸೊಪ್ಪು ಹೊಟ್ಟೆಯಲ್ಲಿ ಅರ್ಧ ಬೆಂದು ಹೊರಬಂದ ಬಿಸಿ ಎಲ್ಲಿ?

ಎರಡನೆಯದು ಕಣಜ. ರಾಗಿ ಇದೆ, ಸರಿ. ಬಾವಲಿ ಇಲ್ಲ. ಬಾವಲಿ ಹಿಕ್ಕೆ ಇಲ್ಲದ ಕಣಜವನ್ನು ನಾನು ನೋಡಿಲ್ಲ. ಹಿಕ್ಕೆಯ ವಾಸನೆ ಮೊದಲು ಮೂಗಿಗಲ್ಲ, ಕಣ್ಣಿಗೆ ಹೊಡೆಯಬೇಕು.

ಮೂರನೆಯದು ಅಡುಗೆಮನೆ. ತುಪ್ಪ ಕಾದಿದೆ, ಆದರೆ ಒಲೆ ಹೊತ್ತಿಲ್ಲ. ನಿಮ್ಮ ರಾಜರು ಗ್ಯಾಸ್ ಸ್ಟೌ ಇಟ್ಟುಕೊಂಡಿದ್ದರೇ?

ನಾಲ್ಕನೆಯದನ್ನು ಮೂಸಲಿಲ್ಲ. ನೆಗಡಿಯಾಗಿದೆ.

ತಮ್ಮ ವಿಶ್ವಾಸಿ,
ನಾಗೇಶ

ಸಿಂಗಪುರ
2 ಮಾರ್ಚ್ 2014

ನಾಗೇಶ ಅವರಿಗೆ,

ನಿಮ್ಮ ಪತ್ರವನ್ನು ನಮ್ಮ ಬಾಸ್ ಸುಭಾಷ್‌ಗೆ ಓದಿ ಹೇಳಿದೆ. ಬೆಂಗಳೂರಿನವನು, ಸಿಂಗಪುರಕ್ಕೆ ಬಂದು ಹದಿನೈದು ವರ್ಷವಾಯಿತು, ಸುಲಭಕ್ಕೆ ನಗುವವನಲ್ಲ. "ಈ ಮನುಷ್ಯ ನಮ್ ಲ್ಯಾಬ್‌ಗಿಂತ ಬೆಟರ್ ಕಣೇ, ಇವರನ್ನೇ ಫೈನಲ್ ಟೆಸ್ಟರ್ ಮಾಡು" ಎಂದ. ಮೂರು ಪಟ್ಟಿಗಳನ್ನು ತಿದ್ದಿ ಮತ್ತೆ ಕಳಿಸಿದ್ದೇನೆ. ಆನೆಯ ಪೌಡರ್ ಅಳಿಸಿದ್ದೇವೆ. ಬಾವಲಿಯ ಮಿಶ್ರಣ ಮಾಡಿದ ದಿನ ಎಂಆರ್‌ಟಿ ರೈಲಿನಲ್ಲಿ ನನ್ನ ಪಕ್ಕದ ಸೀಟು ಕಲ್ಲಾಂಗ್ ಸ್ಟೇಷನ್ನಿನವರೆಗೆ ಖಾಲಿಯೇ ಇತ್ತು. ಆರು ವರ್ಷದಲ್ಲಿ ಮೊದಲ ಸಲ ಕಾಲು ಚಾಚಿ ಕುಳಿತು ಮನೆಗೆ ಬಂದೆ.

ನೆಗಡಿ ಹೋಗಿರಬೇಕಲ್ಲ? ನಾಲ್ಕನೆಯದನ್ನು ದಯವಿಟ್ಟು ಮೂಸಿ. ನಮ್ಮೆಲ್ಲರ ಪ್ರಾಣ ಇರುವುದು ಅದರಲ್ಲೇ. ನೀವು ಅಂದು ಹೇಳಿದ ಕಥೆ ನನ್ನ ಫೋನಿನಲ್ಲಿದೆ: ಮೆಟ್ಟಿಲಿನಂತೆ ಒಂದರ ಕೆಳಗೊಂದು ನಾಲ್ಕು ಕಲ್ಲಿನ ತೊಟ್ಟಿಗಳು, ಮೊದಲನೆಯದರಲ್ಲಿ ಹಾಲು, ಎರಡನೆಯದರಲ್ಲಿ ಅರಿಶಿನದ ನೀರು, ಮೂರನೆಯದರಲ್ಲಿ ಗಂಧ, ಕೊನೆಯದರಲ್ಲಿ ಮಲ್ಲಿಗೆ, ಅವುಗಳಲ್ಲಿ ಮಿಂದು ಮೇಲೆದ್ದು ಬರುತ್ತಿದ್ದ ರಾಣಿ ಪುಟ್ಟನಂಜಮ್ಮಣ್ಣಿ. ಅದನ್ನೇ ಅಲ್ಲಿ ನೆಡುವ ಕಲ್ಲಿನ ಫಲಕಕ್ಕೆ ಬರೆದುಕೊಟ್ಟಿದ್ದೇನೆ. ಕೊಳದ ಪಕ್ಕದಲ್ಲಿ ನಿಲ್ಲಿಸಲು ರಾಣಿಯ ಪ್ರತಿಮೆಗೂ ಆರ್ಡರ್ ಹೋಗಿದೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಮಲ್ಲಿಗೆ ಮೊಗ್ಗು ಹಿಡಿದು ಮೂಗಿನ ಬಳಿ ತಂದ ಭಂಗಿ.

ಇತಿ,
ಶ್ರೀವಿದ್ಯಾ

ಗೂಬೆಕಲ್ಲು
14 ಮಾರ್ಚ್ 2014

ಮೇಡಂ ಅವರಿಗೆ,

ಆನೆ ಈಗ ಆನೆಯಾಗಿದೆ. ಅಡುಗೆಮನೆಗೆ ಹೊಗೆ ಬಂದಿದೆ. ಕಣಜವನ್ನು ಮೂಸುತ್ತಿದ್ದಾಗ ನನ್ನ ಹೆಂಡತಿ ಶೋಭಾ ಒಳಗಿನಿಂದ, "ಏನ್ರೀ ಅದು, ಬಾವಲಿ ಏನಾದ್ರೂ ತಂದ್ರಾ ಮನೆಗೆ?" ಎಂದು ಪೊರಕೆ ಹಿಡಿದು ಬಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ಕೊಡಲಾರೆ. ಒಂದು ಕೊರತೆ ಮಾತ್ರ. ನೀವು ಹಾಕಿರುವುದು ಹೊಸ ಹಿಕ್ಕೆ. ಕಣಜದಲ್ಲಿ ಬೇಕಾದದ್ದು ಎರಡು ಮಳೆಗಾಲ ಕಂಡ ಹಿಕ್ಕೆ. ಹಳೆಯದರಲ್ಲಿ ಖಾರ ಇಳಿದು ಮಣ್ಣಿನ ತಂಪು ಬಂದಿರುತ್ತದೆ. ಹೊಸದು ಮುಷ್ಟಿಯಲ್ಲಿ ಅಂಟುತ್ತದೆ, ಹಳೆಯದು ಉದುರುತ್ತದೆ, ನಾಲಿಗೆಯ ಮೇಲಿಟ್ಟರೆ ಚುಳ್ಳೆನ್ನುತ್ತದೆ.

ನಾಲ್ಕನೆಯ ಪಟ್ಟಿಯಲ್ಲಿ ಮಲ್ಲಿಗೆ ಚೆನ್ನಾಗಿದೆ. ಅದನ್ನು ಬೇರೆ ಯಾವ ಊರಿನ ರಾಣಿಗಾದರೂ ಕೊಡಿ. ನಮಗೆ ಮೂರು ಪೆಟ್ಟಿಗೆ ಸಾಕು. ನಾಲ್ಕನೆಯದು ಕೆಟ್ಟಿದೆ ಎಂದು ಚೀಟಿ ಅಂಟಿಸಿಬಿಟ್ಟರಾಯಿತು. ಮ್ಯೂಸಿಯಂ ಎಂದಮೇಲೆ ಒಂದಾದರೂ ಕೆಟ್ಟಿರುವುದು ಶೋಭೆ.

ಫಲಕವನ್ನು ಕೆತ್ತುವುದಕ್ಕೆ ಇನ್ನೂ ಸಮಯವಿದೆಯೇ? ಸುಮ್ಮನೆ ಕೇಳಿದೆ.

ನಾಗೇಶ

ಸಿಂಗಪುರ
1 ಏಪ್ರಿಲ್ 2014

ನಾಗೇಶ ಅವರಿಗೆ,

ಎರಡು ಮಳೆಗಾಲ ಕಂಡ ಬಾವಲಿ ಹಿಕ್ಕೆಯನ್ನು ನಾಲಿಗೆಗೆ ಇಟ್ಟುಕೊಂಡವರೊಂದಿಗೆ ಪತ್ರ ವ್ಯವಹಾರವಿದೆ ಎಂದು ನಾನು ಮನೆಯಲ್ಲಿ ಹೇಳಿಲ್ಲ. ಅದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳುವುದೂ ಇಲ್ಲ.

ರಾಣಿಕೊಳದ ವಿಷಯದಲ್ಲಿ ನಿಮ್ಮ ಸಂಕೋಚ ಅರ್ಥವಾಯಿತು ಅಂದುಕೊಂಡಿದ್ದೇನೆ. ಹೆಂಗಸರು ಅಲ್ಲಿ ಕುಂಕುಮ ಹಚ್ಚಿ ಬಳೆ ಇಡುವುದನ್ನು ನಾನೂ ನೋಡಿದೆ. ಪೂಜೆ ನಡೆಯುವ ಕಡೆ ಗುಂಡಿ ಒತ್ತಿ ವಾಸನೆ ಬರಿಸುವುದು ನಿಮಗೆ ಅಪಚಾರ ಅನ್ನಿಸಿರಬೇಕು. ಅಥವಾ ಕಥೆ ನಿಮ್ಮದು, ಫಲಕದಲ್ಲಿ ಹೆಸರು ಇಲ್ಲ ಎಂಬ ಬೇಸರವೇ? ಅದನ್ನೂ ಸರಿಪಡಿಸಿದ್ದೇನೆ: 'ನಿರೂಪಣೆ: ಮಾರ್ಗದರ್ಶಿ ನಾಗೇಶ' ಎಂದು ಕೊನೆಯಲ್ಲಿ ಸೇರಿಸಿದ್ದೇನೆ. ಮೇ 20ಕ್ಕೆ ಕಲ್ಲು ಕೆತ್ತುವವರ ಕೈಗೆ ಹೋಗುತ್ತದೆ. ಆಮೇಲೆ ಐನೂರು ವರ್ಷ ಯಾರೂ ಅಳಿಸಲಾರರು.

ಒಂದು ತಮಾಷೆ. ಮನೆಯಲ್ಲಿ ಕೋಟೆಯ ನಕ್ಷೆ ಹರಡಿಕೊಂಡು ಕುಳಿತಿದ್ದೆ. ಒಂಬತ್ತು ವರ್ಷದ ಮಗಳು ಗಗನಾ ಬಂದು ಬೆರಳಿಟ್ಟಳು.

"ಅಮ್ಮಾ, ಕ್ವೀನ್ ಇಲ್ಲೇನಾ ಸ್ನಾನ ಮಾಡ್ತಿದ್ದಿದ್ದು?"

"ಹೂಂ."

"ಪಕ್ಕದಲ್ಲಿ ಇದೇನು?"

"ಅದು ಮದ್ದಿನ ಮನೆ. ಫಿರಂಗಿಗೆ ಹಾಕೋ ಮದ್ದು ಇಡೋ ಜಾಗ."

"ಈ ಕಡೆ?"

"ದನದ ಕೊಟ್ಟಿಗೆ."

"ಅಯ್ಯೋ, ಬಾಂಬ್ ಪಕ್ಕ, ಕೌ ಪಕ್ಕ ಯಾರು ಬಾತ್ ಮಾಡ್ತಾರೆ? ನೀರಿನ ಟ್ಯಾಂಕ್ ಬೇರೆ ಅಷ್ಟು ದೂರ. ಕ್ವೀನ್ ಪಾಪ ಲಾ!"

ಆ 'ಲಾ' ಸಿಂಗಪುರದವರ ಮಾತಿನ ಬಾಲ. ರಾಣಿಯರ ಮನಸ್ಸು ರಾಣಿಯರಿಗೇ ಗೊತ್ತು ಎಂದು ಹೇಳಿ ಮಲಗಿಸಿದೆ.

ಶ್ರೀವಿದ್ಯಾ

ಗೂಬೆಕಲ್ಲು
13 ಏಪ್ರಿಲ್ 2014

ಶ್ರೀವಿದ್ಯಾ ಮೇಡಂ,

ತಮ್ಮ ಮಗಳಿಗೆ ನನ್ನ ನಮಸ್ಕಾರ ತಿಳಿಸಿ. ಇಪ್ಪತ್ತೇಳು ವರ್ಷದಲ್ಲಿ ಇಬ್ಬರು ಪ್ರೊಫೆಸರುಗಳು, ಒಬ್ಬ ಜಿಲ್ಲಾಧಿಕಾರಿ ಮತ್ತು ಲೆಕ್ಕವಿಲ್ಲದಷ್ಟು ಮೇಷ್ಟ್ರುಗಳು ಆ ಜಾಗದಲ್ಲಿ ನಿಂತು ತಲೆದೂಗಿ ಹೋಗಿದ್ದಾರೆ. ಯಾರೂ ಕೇಳದ್ದನ್ನು ಆ ಮಗು ಕೇಳಿದೆ.

ಕೋಟೆ ಕಟ್ಟಿದವನಿಗೆ ಮೂಗಿತ್ತು ಮೇಡಂ. ನಮ್ಮ ಬೆಟ್ಟದ ಮೇಲೆ ಗಾಳಿ ಹೆಚ್ಚು ದಿನ ಪಡುವಣದಿಂದ ಬೀಸುತ್ತದೆ. ಅದಕ್ಕೇ ಅರಮನೆ ಪಡುವಣಕ್ಕೆ. ನೀರಿನ ಹೊಂಡ ಅದರ ಪಕ್ಕ. ಮೂರನೇ ಸುತ್ತಿನ ಗೋಡೆ ಮುಗಿದು, ಎಲ್ಲಕ್ಕೂ ಕೊನೆಗೆ, ಎಲ್ಲ ಗಾಳಿಯೂ ಬಂದು ಹೊರಗೆ ಬೀಳುವ ಮೂಡಣ ಮೂಲೆಯಲ್ಲಿ ಆ ನಾಲ್ಕು ತೊಟ್ಟಿಗಳು. ಅಲ್ಲಿ ಏಳುವ ನಾತ ಅರಮನೆಗೆ ಹೋಗಬಾರದು, ಕಂದಕಕ್ಕೆ ಇಳಿಯಬೇಕು, ಹೊರಗೆ ಶತ್ರು ಬಿಡಾರ ಹೂಡಿದ್ದರೆ ಅವನಿಗೆ ಮುಟ್ಟಬೇಕು.

ಅಲ್ಲಿ ಯಾವ ರಾಣಿಯೂ ಮೀಯಲಿಲ್ಲ. ಅವು ಪೆಟ್ಲುಪ್ಪಿನ ತೊಟ್ಟಿಗಳು. ಫಿರಂಗಿ ಮದ್ದಿಗೆ ಬೇಕಾದ ಉಪ್ಪನ್ನು ಅಲ್ಲಿ ತೆಗೆಯುತ್ತಿದ್ದರು. ಕೊಟ್ಟಿಗೆಯ ಮಣ್ಣು, ಹಳೆ ಬಾವಲಿ ಹಿಕ್ಕೆ, ಬೂದಿ ಎಲ್ಲ ಸೇರಿಸಿ, ದನಗಳ ಗಂಜಲ ಸುರಿದು, ಸಾಲದ್ದಕ್ಕೆ ಕಾವಲಿನವರೆಲ್ಲ ದಿನಾ ಬಂದು ತಮ್ಮ ಪಾಲು ಸಲ್ಲಿಸಿ, ತಿಂಗಳುಗಟ್ಟಲೆ ಕೊಳೆಹಾಕಿ, ಆಮೇಲೆ ಮೊದಲ ತೊಟ್ಟಿಗೆ ನೀರು ಬಿಟ್ಟರೆ ಹೆಬ್ಬೆರಳ ಗಾತ್ರದ ತೂತುಗಳಿಂದ ಒಂದರಿಂದ ಒಂದಕ್ಕೆ ಸೋಸಿಕೊಂಡು ನಾಲ್ಕನೆಯದಕ್ಕೆ ರಸ ಇಳಿಯುತ್ತದೆ. ಅದನ್ನು ಕುದಿಸಿ ಆರಿಸಿದರೆ ಸೂಜಿಯಂಥ ಬಿಳಿಯ ಹರಳು. ತಾವು ಹಾಲು, ಅರಿಶಿನ, ಗಂಧ, ಮಲ್ಲಿಗೆ ಎಂದು ಬರೆದದ್ದು ಇದನ್ನೇ.

ಹೇಗೆ ಗೊತ್ತು ಎಂದು ತಾವು ಕೇಳಲಿಲ್ಲ. ಕೇಳಿದಂತೆಯೇ ಆಯಿತು. ಆ ಕೆಲಸ ಮಾಡುತ್ತಿದ್ದ ಮನೆತನ ನಮ್ಮದು. ಕೋಟೆ ಬಿದ್ದಮೇಲೂ ಊರ ಹೊರಗೆ ಅದನ್ನೇ ಮಾಡಿದರು, ಪಟಾಕಿಯವರಿಗೆ. ನಾನು ಹುಡುಗನಾಗಿದ್ದಾಗ ನನ್ನ ಅಜ್ಜಿ ಕೊಪ್ಪರಿಗೆಯ ಮುಂದೆ ಕೂತಿರುತ್ತಿದ್ದಳು. ಹರಳು ಆಯಿತೋ ಇಲ್ಲವೋ ಎಂದು ನಾಲಿಗೆಯಿಂದ ನೋಡುತ್ತಿದ್ದಳು. ಆಗಿದ್ದರೆ ನಾಲಿಗೆಗೆ ತಣ್ಣಗಾಗುತ್ತದೆ. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನನಗಿದ್ದ ಹೆಸರನ್ನು ಹೆಂಗಸರಿಗೆ ಬರೆಯುವ ಪತ್ರದಲ್ಲಿ ಬರೆಯಲಾರೆ.

1987ರಲ್ಲಿ ಗೈಡ್ ಬಿಲ್ಲೆ ಸಿಕ್ಕಿದ ಮೊದಲ ದಿನ ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ಬಂದರು. ರೇಷ್ಮೆ ಸೀರೆ. ತೊಟ್ಟಿಗಳ ಮುಂದೆ ನಿಂತು, "ಇದೇನಪ್ಪಾ?" ಎಂದರು. ಹೇಳಬೇಕೆಂದು ಬಾಯಿ ತೆರೆದೆ. ಆ ತಾಯಿ ಸೆರಗನ್ನು ಮೂಗಿಗೆ ತಂದುಕೊಳ್ಳುವುದು ಕಣ್ಣ ಮುಂದೆ ಬಂತು. "ರಾಣಿ ಸ್ನಾನ ಮಾಡ್ತಿದ್ದ ಜಾಗ ಅಮ್ಮಾವ್ರೆ" ಎಂದುಬಿಟ್ಟೆ. ಅವರು ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಂದಿನ ವಾರ ಯಾರೋ ರಾಣಿಯ ಹೆಸರು ಕೇಳಿದರು. ಥಟ್ಟನೆ ಬಾಯಿಗೆ ಬಂದದ್ದು ಒಂದೇ ಹೆಸರು. ನಮ್ಮ ಅಜ್ಜಿಯದು. ಪುಟ್ಟನಂಜಿ.

ಮಾತಿನಲ್ಲಿ ಇದ್ದಷ್ಟು ದಿನ ನಡೆಯಿತು ಮೇಡಂ. ಮಾತು ಗಾಳಿಗೆ ಹೋಗುತ್ತದೆ. ಕಲ್ಲಿನಲ್ಲಿ, ಅದೂ ನನ್ನ ಹೆಸರಿನಲ್ಲಿ, ಬೇಡ. ನಮ್ಮವರು ಇನ್ನೂರು ವರ್ಷ ಅಲ್ಲಿ ಬೆನ್ನು ಬಗ್ಗಿಸಿದರು. ಆ ಫಲಕ ನಿಂತರೆ ಅವರು ಅಲ್ಲಿ ಇರಲೇ ಇಲ್ಲ ಎಂದಾಗುತ್ತದೆ. ತಡೆಯಿರಿ.

ನಾಗೇಶ

ಸಿಂಗಪುರ
24 ಏಪ್ರಿಲ್ 2014

ನಾಗೇಶ ಅವರಿಗೆ,

ನಿಮ್ಮ ಪತ್ರ ಓದಿ ಅಸಹ್ಯವಾಯಿತು. ತೊಟ್ಟಿಯಲ್ಲಿ ಏನಿತ್ತು ಎಂಬುದಕ್ಕಲ್ಲ. ಬಾವಲಿಯ ಜೊತೆ ಎರಡು ತಿಂಗಳು ಕಳೆದವಳಿಗೆ ಗಂಜಲ ಏನೂ ಅಲ್ಲ. ಡಿಸೆಂಬರಿನಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಧ್ವನಿ ತಗ್ಗಿಸಿ, "ಈಗ್ಲೂ ಹುಣ್ಣಿಮೆ ದಿನ ಮಲ್ಲಿಗೆ ಘಮ ಬರುತ್ತೆ ಮೇಡಂ" ಎಂದಿರಲ್ಲ, ಅದಕ್ಕೆ.

ನಾನೂ ಒಂದು ವಿಷಯ ಹೇಳಿರಲಿಲ್ಲ. ಈ ಕೆಲಸ ನಮಗೆ ಸಿಕ್ಕಿದ್ದೇ ನಿಮ್ಮ ರಾಣಿಯಿಂದ. ಟ್ರಸ್ಟಿನವರ ಮುಂದೆ ಆ ಕಥೆಯನ್ನು ನಾನೇ ಹೇಳಿದೆ, ಮಲ್ಲಿಗೆ ಪಟ್ಟಿಯನ್ನು ನಾನೇ ಎಲ್ಲರ ಕೈಗೆ ಕೊಟ್ಟೆ. ಅನಂತರಾಮ್ ಅವರ ಕಣ್ಣಲ್ಲಿ ನೀರು ಬಂತು. "ಆ ರಾಣಿ ಇಲ್ದಿದ್ರೆ ಪ್ರಾಜೆಕ್ಟೇ ಇರ್ತಿರ್ಲಿಲ್ಲ" ಎಂದು ಸುಭಾಷ್ ನನ್ನ ಕೆಲಸ ಖಾಯಂ ಮಾಡಿದ. ಈಗ ಹೋಗಿ, ರಾಣಿ ಇರಲಿಲ್ಲ, ಅದು ಉಚ್ಚೆಯ ತೊಟ್ಟಿ ಎನ್ನಲೇ? ನನ್ನ ಕೆಲಸ ಹೋದರೆ ಈ ದೇಶದಲ್ಲಿ ಇರಲು ಕೊಟ್ಟಿರುವ ಪಾಸ್ ಹೋಗುತ್ತದೆ, ಮಗಳ ಶಾಲೆ ಹೋಗುತ್ತದೆ.

ನಿಮ್ಮ ಪತ್ರ ನನಗೆ ತಲುಪಿಲ್ಲ. ದಯವಿಟ್ಟು ಇನ್ನು ಬರೆಯಬೇಡಿ.

ಶ್ರೀವಿದ್ಯಾ

ಗೂಬೆಕಲ್ಲು
9 ಮೇ 2014

ಶ್ರೀವಿದ್ಯಾ ಮೇಡಂ,

ಬರೆಯಬೇಡಿ ಎಂದ ಮೇಲೂ ಬರೆಯುತ್ತಿದ್ದೇನೆ. ತಲುಪದ ಪತ್ರಗಳ ಜೊತೆ ಇದನ್ನೂ ಇಟ್ಟುಕೊಳ್ಳಿ.

ಹುಣ್ಣಿಮೆಯ ಮಾತು ನಾನು ಆಡಬಾರದಿತ್ತು. ಅದು ದಿನಾ ಹೇಳುವುದಲ್ಲ. ದೂರದಿಂದ ಬಂದವರಿಗೆ ಮಾತ್ರ ಹೇಳುತ್ತಿದ್ದೆ, ಸ್ವೀಟಿನ ಮೇಲೆ ಗೋಡಂಬಿ ಇಟ್ಟ ಹಾಗೆ.

ತಮ್ಮ ಕೆಲಸಕ್ಕೆ ಕುತ್ತು ಬರುವುದು ಬೇಡ. ನಾನೇ ಹೇಳುತ್ತೇನೆ ಎಂದು ಅಧ್ಯಕ್ಷರ ಮನೆಗೆ ಮೂರು ಸಲ ಹೋದೆ. ಮೊದಲ ಸಲ ಅವರು ಊಟ ಮಾಡುತ್ತಿದ್ದರು. ಊಟದ ಹೊತ್ತಿಗೆ ಹೇಳುವ ವಿಷಯವಲ್ಲ ಎಂದು ವಾಪಸು ಬಂದೆ. ಎರಡನೇ ಸಲ ಪೂಜೆಯಲ್ಲಿದ್ದರು. ಮೂರನೇ ಸಲ ಬಿಡುವಾಗಿದ್ದರು, ಅದಕ್ಕೇ ವಾಪಸು ಬಂದೆ.

ಕೆಳಗೆ ನಮ್ಮ ಅಜ್ಜಿಯ ಅಳತೆ ಬರೆದಿದ್ದೇನೆ. ತಮಗೆ ಉಪಯೋಗವಿಲ್ಲ, ಗೊತ್ತು. ನನ್ನ ತಲೆಯಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ, ಒಂದು ಕಾಗದದಲ್ಲಾದರೂ ಇರಲಿ ಎಂದು.

ಎರಡು ಮಳೆಗಾಲದ ಹಿಕ್ಕೆ ಒಂದು ಪಾಲು. ಕೊಟ್ಟಿಗೆಯ ಮೂಲೆಯ ಮಣ್ಣು ಮೂರು ಪಾಲು. ನಡುವಿನದಲ್ಲ, ದನ ನಿಂತು ನೆನೆದದ್ದು. ಗಂಜಲ ಎಮ್ಮೆಯದು ಬೇಡ, ನೀರು ಜಾಸ್ತಿ. ಒಲೆಬೂದಿ ಅರ್ಧ ಪಾಲು. ಮೊದಲ ವಾರ ಕಣ್ಣು ಉರಿಯುತ್ತದೆ. ಮೂರನೇ ವಾರ ಹೊಟ್ಟೆ ತೊಳಸುತ್ತದೆ. ಎರಡನೇ ತಿಂಗಳಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, ಮಳೆ ಬಿದ್ದ ಕಲ್ಲಿನ ಹಾಗೆ, ಒಂದು ತಣ್ಣನೆಯ ವಾಸನೆ ಬರುತ್ತದೆ. ಆವಾಗ ಅಜ್ಜಿ, "ಬಂತು ನೋಡು ಅನ್ನದ ವಾಸ್ನೆ" ಎನ್ನುತ್ತಿದ್ದಳು.

ನಾಗೇಶ

ಸಿಂಗಪುರ
23 ಜೂನ್ 2014

ನಾಗೇಶ ಅವರಿಗೆ,

ನಿಮ್ಮ ಎರಡು ಪತ್ರಗಳೂ ತಲುಪಿವೆ.

ಮೇ 19ರ ಸಂಜೆ ಟ್ರಸ್ಟಿಗೆ ಒಂದು ಮೇಲ್ ಕಳಿಸಿದೆ: ಫಲಕದ ಅಳತೆ ತಪ್ಪಾಗಿದೆ, ತಿದ್ದಿ ಕೊಡುವ ತನಕ ಕಲ್ಲು ಮುಟ್ಟಬೇಡಿ. ಅಳತೆ ಸರಿಯಾಗಿಯೇ ಇತ್ತು. ನಿಮ್ಮ ಕಾಯಿಲೆ ಅಂಟುಜಾಡ್ಯ.

ಆಮೇಲೆ ಸುಮ್ಮನಿರಲಾಗಲಿಲ್ಲ. ಅಜ್ಜಿಯ ಅಳತೆಯನ್ನು ಲ್ಯಾಬಿನ ಸೀಸೆಗಳ ಭಾಷೆಗೆ ತಿರುಗಿಸಿಕೊಂಡೆ. ಮೊದಲ ವಾರದ್ದು, ಮೂರನೇ ವಾರದ್ದು, ಎರಡನೇ ತಿಂಗಳದ್ದು, ಮೂರು ಪದರ. ಜೂನ್ 4ರ ಮಧ್ಯಾಹ್ನ ಅದನ್ನು ಸ್ವಲ್ಪ ಬಿಸಿ ಮಾಡಿದೆ. ಹತ್ತು ನಿಮಿಷಕ್ಕೆ ಅಲಾರಂ ಹೊಡೆಯಿತು. ಗ್ಯಾಸ್ ಲೀಕ್ ಎಂದು ಆರನೇ ಮಹಡಿಯನ್ನಿಡೀ ಖಾಲಿ ಮಾಡಿಸಿದರು. ಇನ್ನೂರು ಜನ ಕೆಳಗೆ ಬಿಸಿಲಿನಲ್ಲಿ ಸಾಲಾಗಿ ನಿಂತರು. ಪಕ್ಕದ ಆಫೀಸಿನವಳೊಬ್ಬಳು ಹೂದಾನಿಗೆ ವಾಂತಿ ಮಾಡಿಕೊಂಡಳಂತೆ. ನಿಮ್ಮ ಕೋಟೆ ಐದನೇ ಮುತ್ತಿಗೆಯನ್ನೂ ಗೆದ್ದಿತು, ಅದೂ ಸಮುದ್ರದಾಚೆ.

ಸುಭಾಷ್ ಕರವಸ್ತ್ರದೊಳಗಿಂದಲೇ ಕಿರುಚಿದ. "ಏನೇ ಇದು? ಥೂ! ಡಿಸ್ಗಸ್ಟಿಂಗ್!"

"ರಾಣಿಕೊಳ" ಎಂದೆ. ಅಲ್ಲೇ ಬಿಸಿಲಿನಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ಅವನ ಮುಖ ನೋಡಲಿಲ್ಲ, ಶೂ ನೋಡಿಕೊಂಡು ಹೇಳಿದೆ.

ಅವನು ಕರವಸ್ತ್ರ ಮಡಚಿ ಜೇಬಿಗಿಟ್ಟ. ಆಮೇಲೆ, "ಟ್ರಸ್ಟ್‌ನವರು ಮಲ್ಲಿಗೇನೇ ಬೇಕು ಅಂತಾರೆ. ಸರಿ, ಎರಡನ್ನೂ ಟೆಸ್ಟ್‌ಗೆ ಇಡು. ಮಲ್ಲಿಗೆ ಗೆದ್ರೆ ಈ ವಿಷ್ಯ ಇಲ್ಲಿಗೇ ಕ್ಲೋಸ್" ಎಂದ.

ಹೊಸ ವಾಸನೆಗಳನ್ನು ಮಕ್ಕಳ ಮೇಲೆ ಪ್ರಯೋಗಿಸುವುದು ನಮ್ಮ ಪದ್ಧತಿ. ಶಾಲೆಗೆ ರಜೆ. ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ, ಮದುವೆ ಮುಂಜಿ ತಿಥಿ ಎಲ್ಲ ನಡೆಯುವ ಜಾಗದಲ್ಲಿ, ಒಂದು ಶನಿವಾರ ಐದು ಪೆಟ್ಟಿಗೆ ಇಟ್ಟೆವು. ಮಲ್ಲಿಗೆಯ ಗುಂಡಿಯನ್ನು ಒತ್ತಿದ್ದು ಒಟ್ಟು ಹನ್ನೊಂದು ಸಲ. ಅದರಲ್ಲಿ ಏಳು ಸಲ ಒತ್ತಿದ್ದು ಒಬ್ಬರೇ ಆಂಟಿ. "ನಮ್ಮ ಬಾತ್‌ರೂಮಿಗೆ ಇದೇ ಹಾಕೋದು" ಎಂದರು. ಅಜ್ಜಿಯ ವಾಸನೆಯಿದ್ದ ಐದನೆಯ ಪೆಟ್ಟಿಗೆಯ ಮುಂದೆ ಲಿಫ್ಟಿನವರೆಗೆ ಸಾಲು. ಒತ್ತುವುದು, ಕಿರುಚಿಕೊಂಡು ಓಡುವುದು, ಮತ್ತೆ ಬಂದು ಸಾಲಿನ ಕೊನೆಗೆ ನಿಲ್ಲುವುದು. ಗಗನಾ ಪೆಟ್ಟಿಗೆಯ ಪಕ್ಕ ನಿಂತು ಗೈಡ್ ಆಗಿಬಿಟ್ಟಳು.

"ಸೋ ಸ್ಮೆಲ್ಲಿ ಲಾ! ಯಾರು ಮಾಡ್ತಿದ್ರು ಈ ಕೆಲ್ಸ?" ಎಂದು ಅವಳ ಗೆಳತಿ ಅನುಷ್ಕಾ ಕೇಳಿದಳು.

"ಒಬ್ರು ಅಜ್ಜಿ. ಇದನ್ನ ಟೇಸ್ಟ್ ಮಾಡಿ ನೋಡ್ತಿದ್ರು!"

"ಛೀ! ನಿಜ್ವಾಗ್ಲೂ? ಅವರ ಹೆಸರೇನು?"

ಮಲ್ಲಿಗೆಯ ಮುಂದೆ ನಿಂತು ರಾಣಿಯ ಹೆಸರು ಯಾರೂ ಕೇಳಲಿಲ್ಲ ನಾಗೇಶ ಅವರೇ. ಸುಭಾಷ್ ಎರಡು ಗಂಟೆ ಸಾಲನ್ನು ನೋಡುತ್ತ ನಿಂತು, "ಮಲ್ಲಿಗೆ ಕ್ಯಾನ್ಸಲ್ ಮಾಡು" ಎಂದ. ಆದರೆ ಟ್ರಸ್ಟಿನವರು ನಮ್ಮ ಮಾತಿನ ಮೇಲೆ ಒಪ್ಪುವುದಿಲ್ಲ. ಅಲ್ಲಿಯವರೇ ಯಾರಾದರೂ ಹೇಳಬೇಕು. ಜುಲೈ 8ಕ್ಕೆ ಟ್ರಸ್ಟಿನ ಸಭೆಯಿದೆ.

ಐದನೆಯ ಪಟ್ಟಿಯನ್ನು ಮೂರು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದೇನೆ. ಶೋಭಾ ಅವರು ಮನೆಯಲ್ಲಿ ಇಲ್ಲದಾಗ ತೆಗೆಯಿರಿ. ಏಪ್ರಿಲ್ ಪತ್ರಕ್ಕೆ ಕ್ಷಮೆ ಕೇಳಬೇಕು. ಕೇಳಿದ್ದೇನೆ ಅಂದುಕೊಳ್ಳಿ.

ಶ್ರೀವಿದ್ಯಾ

ಗೂಬೆಕಲ್ಲು
12 ಜುಲೈ 2014

ಶ್ರೀವಿದ್ಯಾ ಮೇಡಂ,

ಪೋಸ್ಟ್‌ಮ್ಯಾನ್ ಕೇಶವ ಲಕೋಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದ. "ನಿಮ್ಗೆ ಸಿಂಗಪುರದಿಂದ ಯಾರೋ ಸತ್ತೋಗಿ ಬಂದವ್ರೆ" ಎಂದ.

ಪಟ್ಟಿ ಮೂಸಿದೆ. ಸರಿಯಾಗಿದೆ.

ಇದಕ್ಕಿಂತ ಹೆಚ್ಚು ಬರೆಯಲು ಮೂರು ಸಲ ಕುಳಿತೆ. ಆಗಲಿಲ್ಲ. ಶೋಭಾ ಹೊರಗೆ ಬಂದು, ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ ಒಳಗೆ ಹೋದಳು.

ಸಭೆಗೆ ಹೋದೆ. ಅಧ್ಯಕ್ಷರಿಗೆ, "ಸಾರ್, ರಾಣಿಕೊಳ ತೋರಿಸ್ತೀನಿ, ಬನ್ನಿ" ಎಂದೆ.

"ನಾನು ನೋಡದೇ ಇರೋದೇನಯ್ಯಾ ಅಲ್ಲಿ?"

"ನಾನೂ ತೋರ್ಸಿಲ್ಲ ಸಾರ್, ನೀವೂ ನೋಡಿಲ್ಲ."

ಏಳು ಮಂದಿ ಸದಸ್ಯರೂ ಉಸ್ಸೆಂದು ಹತ್ತಿದರು. ಮೊದಲ ತೊಟ್ಟಿಗೆ ಎರಡು ಕೊಡ ನೀರು ಸುರಿದೆ. ಬೆಲ್ಲದಚ್ಚಿನಷ್ಟು ಮಣ್ಣು ಹಾಕಿದೆ. ಮಾತಾಡಲಿಲ್ಲ. ನೀರು ತೂತು ಹುಡುಕಿಕೊಂಡು ಎರಡನೆಯದಕ್ಕೆ, ಮೂರನೆಯದಕ್ಕೆ ಇಳಿದು, ನಾಲ್ಕನೆಯದರಲ್ಲಿ ತಿಳಿಯಾಗಿ ನಿಂತಿತು. ಮದ್ದಿನ ಮನೆಯ ಬಾಗಿಲು ತೋರಿಸಿದೆ. ಕೊಟ್ಟಿಗೆಯ ಗೂಟದ ಕಲ್ಲುಗಳನ್ನು ತೋರಿಸಿದೆ. ಆಮೇಲೆ ತಮ್ಮ ಪಟ್ಟಿಯನ್ನು ಹೊರತೆಗೆದು ಎತ್ತಿ ಹಿಡಿದೆ. ಗಾಳಿ ಪಡುವಣದಿಂದ ಬಂತು. ನಾತ ಯಾರಿಗೂ ಬಡಿಯದೆ ನೇರ ಕಂದಕಕ್ಕೆ ಇಳಿಯಿತು. ಆಚೆ ನಿಂತಿದ್ದ ಟೈಲ್ಸ್ ಗುತ್ತಿಗೆದಾರರೊಬ್ಬರು ಮಾತ್ರ, "ಅಯ್ಯೋ ಸತ್ತೆ!" ಎಂದರು. ಇಪ್ಪತ್ತೇಳು ವರ್ಷದಲ್ಲಿ ಬಾಯಿ ಮುಚ್ಚಿಕೊಂಡು ಗೈಡ್ ಕೆಲಸ ಮಾಡಿದ್ದು ಅದೇ ಮೊದಲು.

"ಹಾಗಾದ್ರೆ ಆ ಪುಟ್ಟನಂಜಮ್ಮಣ್ಣಿ ಯಾರಯ್ಯಾ?" ಎಂದರು ಅಧ್ಯಕ್ಷರು.

"ನಮ್ಮಜ್ಜಿ ಸಾರ್. ಇದೇ ಕೆಲಸ ಮಾಡ್ತಿದ್ಳು. ರಾಣಿ ಮಾಡಿದ್ದು ನಾನು."

"ನಾನು ವರ್ಷಾ ವರ್ಷಾ ಆಯಮ್ಮನ ಹೆಸರಲ್ಲಿ ಈ ಕಲ್ಲಿಗೆ ಸೀರೆ ಉಡ್ಸಿದ್ದೀನಲ್ಲೋ, ದರಿದ್ರದವನೇ!"

"ಗೊತ್ತು ಸಾರ್. ಬದುಕಿದ್ದಾಗ ಎರಡೇ ಸೀರೆ ಇದ್ದಿದ್ದು ಅವಳಿಗೆ."

ಫಲಕ ಬದಲಾಯಿಸುವುದಕ್ಕೆ ಒಪ್ಪಿದರು. ಜನರಿಗೆ ಸುಳ್ಳು ಹೇಳಿದ್ದಕ್ಕೆ ನನ್ನ ಗೈಡ್ ಬಿಲ್ಲೆ ಬಿಚ್ಚಿಸಿಕೊಂಡರು. ಎರಡೂ ನ್ಯಾಯವೇ. ಹೊಸ ಫಲಕವನ್ನು ತಾವೇ ಬರೆಯಿರಿ. ಗೋಡಂಬಿ ಬೇಡ.

ನಾಗೇಶ

ಸಿಂಗಪುರ
28 ಜುಲೈ 2014

ನಾಗೇಶ ಅವರಿಗೆ,

ಫಲಕ ಬರೆದಿದ್ದೇನೆ. ಆರೇ ಸಾಲು, ಗೋಡಂಬಿ ಇಲ್ಲ. ಬಿಲ್ಲೆಯ ವಿಷಯ ಓದಿ ಊಟ ಸೇರಲಿಲ್ಲ. ಒಂದು ಷರತ್ತನ್ನು ಸುಭಾಷ್ ಟ್ರಸ್ಟಿಗೆ ಬರೆದಿದ್ದಾನೆ: ಐದನೇ ವಾಸನೆಯ ಡಬ್ಬಿಯನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು, ಅದಕ್ಕೆ ನುರಿತ ಮೂಗು ಇರುವ ಒಬ್ಬ ಸಿಬ್ಬಂದಿ ಬೇಕೇ ಬೇಕು, ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಇದು ಸುಳ್ಳಲ್ಲ. ಪೂರ್ತಿ ಸುಳ್ಳಲ್ಲ.

ಪ್ರತಿಮೆ ಆಗಲೇ ತಯಾರಾಗಿದೆಯಂತೆ. ಅದನ್ನೇನು ಮಾಡುತ್ತಾರೆ?

ಶ್ರೀವಿದ್ಯಾ

ಗೂಬೆಕಲ್ಲು
8 ಡಿಸೆಂಬರ್ 2014

ಶ್ರೀವಿದ್ಯಾ ಮೇಡಂ,

ನಿನ್ನೆ ಮ್ಯೂಸಿಯಂ ಉದ್ಘಾಟನೆಯಾಯಿತು. ಗುಲಾಬಿ ಬಾಗಿಲು ಹಾಗೆಯೇ ಇದೆ. ಟೈಲ್ಸ್ ಮೇಲೆ ಇಬ್ಬರು ಗಣ್ಯರು ಜಾರಿ ಬಿದ್ದರು. ನೋಡಿ ಹೇಸಿಗೆಯಾಗುವಂಥದ್ದು ಇನ್ನೂ ಬೇಕಾದಷ್ಟಿದೆ, ಮುಂದಿನ ಪತ್ರಗಳಿಗೆ ಸಾಲುತ್ತದೆ.

ನನ್ನನ್ನು 'ವಾಸನೆ ನಿರ್ವಾಹಕ' ಎಂದು ನೇಮಿಸಿದ್ದಾರೆ. ಖಾಕಿ ಅಂಗಿ, ಕೈಗವಸು. ಜನರೊಂದಿಗೆ ಮಾತಾಡುವಂತಿಲ್ಲ. ಜನರೇ ಮಾತಾಡಿಸಿದರೆ ಏನು ಮಾಡಬೇಕೆಂದು ಆದೇಶದಲ್ಲಿ ಇಲ್ಲ.

ಪ್ರತಿಮೆ ಬಿಸಾಡಲು ಅಧ್ಯಕ್ಷರಿಗೆ ಮನಸ್ಸು ಬರಲಿಲ್ಲ. ಕಿರೀಟ ಕಿತ್ತರು, ಒಡವೆ ಕೆರೆದರು, ರೇಷ್ಮೆ ಸೀರೆಗೆ ಮಣ್ಣಿನ ಬಣ್ಣ ಬಳಿದರು. ಪೀಠದ ಕಲ್ಲಿನಲ್ಲಿದ್ದ 'ರಾಣಿ' ಎಂಬ ಎರಡಕ್ಷರವನ್ನು ಉಳಿಯಿಂದ ತೆಗೆದರು, ಹೆಸರನ್ನು ಹಾಗೆಯೇ ಬಿಟ್ಟರು. ಕೊನೆಗೆ ಬೆರಳುಗಳ ನಡುವಿನ ಮಲ್ಲಿಗೆ ಮೊಗ್ಗನ್ನು ಮುರಿದರು. ಮುರಿದ ಮೇಲೆ ಎಲ್ಲರೂ ನೋಡಿದೆವು: ಹೆಂಗಸು ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು ನಿಂತಿದ್ದಾಳೆ.

ಜನ ಹುಚ್ಚಾಗಿದ್ದಾರೆ. ಗುಂಡಿ ಒತ್ತುವುದು, ಕಿರುಚುವುದು, ಅವಳ ಪಕ್ಕ ಅವಳಂತೆಯೇ ಮೂಗು ಹಿಡಿದು ಫೋಟೋ ತೆಗೆಸಿಕೊಳ್ಳುವುದು. ತಿಂಗಳಿಗೆಂದು ಇಟ್ಟ ಡಬ್ಬಿ ಒಂದೇ ದಿನಕ್ಕೆ ಖಾಲಿ. ನಿನ್ನೆ ರೇಷ್ಮೆ ಸೀರೆಯ ಒಬ್ಬ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಬಂದು, "ಇದೇನಪ್ಪಾ?" ಎಂದರು. ಖಾಕಿ ಅಂಗಿಯವನು ಎಲ್ಲವನ್ನೂ ಹೇಳಿದ. ಅವರು ಸೆರಗು ತೆಗೆಯಲಿಲ್ಲ. ಆದರೆ ಕೊನೆಯವರೆಗೂ ನಿಂತು ಕೇಳಿದರು.

ಪ್ರತಿಮೆಯಲ್ಲಿ ಒಂದು ತಪ್ಪಿದೆ, ತಮಗೊಬ್ಬರಿಗೇ ಹೇಳುತ್ತೇನೆ. ನಮ್ಮ ಅಜ್ಜಿ ಬದುಕಿರುವವರೆಗೆ ಒಂದು ದಿನವೂ ಮೂಗು ಹಿಡಿದವಳಲ್ಲ. ತಿದ್ದಿಸಿ ಎಂದು ಅಧ್ಯಕ್ಷರಿಗೆ ಹೇಳಬೇಕೆಂದು ಹೊರಟೆ. ಮೂರನೇ ಬಾಗಿಲಿನವರೆಗೆ ಹೋಗಿ ನಿಂತೆ. ಇಪ್ಪತ್ತೇಳು ವರ್ಷ ಆ ಕಲ್ಲುಗಳ ಮುಂದೆ ಮೂಗು ಹಿಡಿದುಕೊಂಡು ನಿಂತದ್ದು ಯಾರು ಎಂದು ನೆನಪಾಯಿತು.

ವಾಪಸು ಬಂದು ಡಬ್ಬಿ ಬದಲಾಯಿಸಿದೆ.

ನಾಗೇಶ